ಮೂವತ್ತೊಂದು ವರ್ಷದ ಹೊಗೆ

"ನಿನ್ನೆ ಸಭೆಯಲ್ಲಿ ದುರುಗಮ್ಮನನ್ನು ಗದರಿಸಿ ಕೂರಿಸಿದೆ. ಅದು ತಪ್ಪು," ಎಂದರು ಗುರು.

ದುರುಗಮ್ಮನಂಥ ಬೀದಿ ಗುಡಿಸುವವರ ಸಂಘಕ್ಕೆ ಗವಿಸಿದ್ದ ಕಾರ್ಯದರ್ಶಿ. ಸಂಘ ಕಟ್ಟುವುದನ್ನು ಈ ಗುರುವಿನಿಂದಲೇ ಕಲಿತವನು. ಆದರೂ ಅವನು ತಲೆ ತಗ್ಗಿಸಲಿಲ್ಲ.

"ಮತ್ತೇನು ಮಾಡಬೇಕಿತ್ತು ಗುರುಗಳೇ? ವರ್ಷಾ ವರ್ಷಾ ಅವಳಿಗೆ ಶಾಲು ಹೊದಿಸಿ ಗೌರವ ಕೊಟ್ಟಿದ್ದೇವೆ. ಒಂದು ದಿನ ತುಟಿ ಬಿಚ್ಚಿದವಳಲ್ಲ. ನಿನ್ನೆ ಪುರಸಭೆ ಸಾಹೇಬರ ಹತ್ತಿರ ಕೈಗವಸು ಕೇಳಮ್ಮ ಅಂತ ಎಬ್ಬಿಸಿದರೆ ಅವರ ಅಪ್ಪನನ್ನೂ ಅಜ್ಜನನ್ನೂ ಬೈದು ಬೀದಿಗೆ ಎಳೆದಳು. ಅವಳನ್ನು ನೋಡಿ ಮಿಕ್ಕವರೂ ಬೈಯೋಕೆ ಶುರು ಮಾಡಿದರು. ನಾಳೆ ಮತ್ತೆ ಸಭೆ. ಸರಿಯಾಗಿ ಮಾತಾಡೋದು ಕಲಿಯೋವರೆಗೆ ಇವರನ್ನು ಸುಮ್ಮನಿರಿಸೋದು ಬೇಡವೇ?"

ಗುರು ಒಂದು ಕತೆ ಹೇಳಿದರು.

ಒಬ್ಬ ಗಿರಣಿ ಯಜಮಾನನಿಗೆ ಅಪ್ಪನ ಕಾಲದ ಕಾರೊಂದಿತ್ತು. ಚೆನ್ನಾಗಿ ಓಡುತ್ತಿತ್ತು. ಓಡುವ ಕಾರನ್ನು ನಿಲ್ಲಿಸಿದವನು ಅವನೇ. ರಸ್ತೆಗೆ ತಂದರೆ ಕೆಸರು ಹತ್ತುತ್ತದೆ, ಬಣ್ಣ ಕೆಡುತ್ತದೆ ಎಂದು ಶೆಡ್ಡಿಗೆ ಹಾಕಿ ಬೀಗ ಜಡಿದ. ಆದರೆ ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ. ಪ್ರತಿ ಆಯುಧಪೂಜೆಗೆ ಬೀಗ ತೆಗೆಸುತ್ತಿದ್ದ. ಕಾರಿಗೆ ಚೆಂಡುಹೂವಿನ ಹಾರ. ಬಾನೆಟ್ ಎತ್ತಿಸಿ ಎಂಜಿನ್ನಿಗೂ ಕುಂಕುಮ, ತೀರ್ಥ. ಗಾಲಿಗೊಂದರಂತೆ ನಾಲ್ಕು ನಿಂಬೆಹಣ್ಣು. ಕಾರು ಮುಂದೆ ಹೋಗಿ ಹಣ್ಣು ಅಪ್ಪಚ್ಚಿಯಾಗಬೇಕು, ಅದು ಶಾಸ್ತ್ರ. ಈ ಕಾರು ಹೋಗುವುದಿಲ್ಲವಲ್ಲ, ಆಳೊಬ್ಬ ಕಲ್ಲು ತಂದು ಹಣ್ಣುಗಳನ್ನು ಜಜ್ಜುತ್ತಿದ್ದ. ಎಲ್ಲರೂ ಕೈಮುಗಿಯುತ್ತಿದ್ದರು. ಮತ್ತೆ ಬೀಗ ಬೀಳುತ್ತಿತ್ತು. ಹೀಗೆ ಮೂವತ್ತೊಂದು ವರ್ಷ.

ಯಜಮಾನನ ಮಗಳಿಗೆ ಮದುವೆ ಗೊತ್ತಾಯಿತು. ಮದುಮಕ್ಕಳು ಅಜ್ಜನ ಕಾರಿನಲ್ಲೇ ಬರಬೇಕೆಂದು ಅವನಿಗೆ ಆಸೆ ಹುಟ್ಟಿತು. ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದ. ಆ ಮೆಕ್ಯಾನಿಕ್ ಎಳೆಯನಿದ್ದಾಗ ಈ ಕಾರು ಊರಿನಲ್ಲಿ ಓಡಾಡುತ್ತಿತ್ತು. ಅದರ ಸದ್ದು ಕೇಳಿಯೇ ಅವನು ಈ ಕಸುಬಿಗೆ ಬಿದ್ದದ್ದು. ಸಾಯುವುದರೊಳಗೆ ಆ ಸದ್ದನ್ನು ಇನ್ನೊಮ್ಮೆ ಕೇಳಬೇಕು, ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಅವನು ಎಂಜಿನ್ ತಿರುಗಿಸುವ ಹ್ಯಾಂಡಲನ್ನು ಕಾರಿನ ಮೂತಿಗೆ ಸಿಕ್ಕಿಸಿ ತಿರುಗಿಸಿದ. ಕೂದಲೆಳೆಯಷ್ಟೂ ಅಲುಗಲಿಲ್ಲ. ಪ್ಲಗ್ಗುಗಳ ಬುಡದಲ್ಲಿ ಕುಂಕುಮ ಕಲ್ಲಾಗಿ ಕೂತಿತ್ತು. ಸುರಿದ ತೀರ್ಥವೆಲ್ಲ ಒಳಗಿಳಿದು, ತುಕ್ಕು ಹಿಡಿಸಿ, ಪಿಸ್ಟನ್ನುಗಳನ್ನು ಸಿಲಿಂಡರಿಗೆ ಅಂಟಿಸಿಬಿಟ್ಟಿತ್ತು.

"ಸತ್ತೇಹೋಗಿದೆಯೇನಯ್ಯಾ? ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಲೇ?" ಎಂದ ಯಜಮಾನ.

"ಸತ್ತಿಲ್ಲ, ಹಿಡಿದುಕೊಂಡಿದೆ. ಎಳೆಸಿ ನೋಡಿ, ಆಗ ಸಾಯುತ್ತೆ," ಎಂದ ಮೆಕ್ಯಾನಿಕ್.

ಅವನು ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳಲ್ಲಿ ಎಣ್ಣೆ ಬಿಟ್ಟ. ಕಾದ. ದಿನಾ ಬೆಳಿಗ್ಗೆ ಬಂದು ಮತ್ತಷ್ಟು ಎಣ್ಣೆ ಬಿಟ್ಟು, ಹ್ಯಾಂಡಲನ್ನು ಮೆಲ್ಲಗೆ ಒತ್ತಿ ನೋಡಿ ಹೋಗುತ್ತಿದ್ದ. ಎಂಟನೆಯ ದಿನ ಅದು ಬೆರಳಗಲ ಸರಿಯಿತು. ಹತ್ತನೆಯ ದಿನ ಪೂರಾ ಒಂದು ಸುತ್ತು ಬಂತು. ಟ್ಯಾಂಕಿನಲ್ಲಿ ಅಂಟಾಗಿದ್ದ ಹಳೆಯ ಪೆಟ್ರೋಲನ್ನು ತೊಳೆದು ತೆಗೆದ. ಕೊಳೆತ ಪೈಪುಗಳನ್ನು ಕಿತ್ತು ಹೊಸದು ಹಾಕಿದ. ಬ್ಯಾಟರಿ ತಂದು ಕೂರಿಸಿದ.

ಮದುವೆಗೆ ಮೂರು ದಿನವಿತ್ತು. ಬೀಗರು ಬಿಳಿ ಪಂಚೆ ಉಟ್ಟು ನೋಡಲು ನಿಂತರು. ಮೆಕ್ಯಾನಿಕ್ ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿ ನಿಂತಿತು. ಮತ್ತೆ ಕೆಮ್ಮಿತು. ಆಮೇಲೆ ಗುಡುಗಿ ಎದ್ದಿತು. ಎದ್ದದ್ದೇ ತಡ, ಹಿಂದಿನ ಕೊಳವೆಯಿಂದ ಹೊಗೆ ನುಗ್ಗಿತು. ಅದರ ಜೊತೆ ತುಕ್ಕಿನ ಚಕ್ಕೆ, ಮಸಿ, ಇಲಿಗೂಡಿನ ನಾರು. ಬೀಗರ ಪಂಚೆಯೆಲ್ಲ ಕಪ್ಪಾಯಿತು.

"ಆರಿಸೋ! ಬೀಗರ ಮುಂದೆ ಮಾನ ಕಳೀತಿದೆ ಇದು!" ಯಜಮಾನ ಓಡಿಬಂದು ಕೀಲಿಗೆ ಕೈ ಹಾಕಿದ. ಮೆಕ್ಯಾನಿಕ್ ಆ ಕೈ ಸರಿಸಿ ಕೀಲಿಯ ಮೇಲೆ ಅಂಗೈ ಮುಚ್ಚಿದ.

"ತೆಗೆಯೋ ಕೈ! ಕಾರು ನಂದು!"

"ಕಾರು ನಿಮ್ಮದೇ ಯಜಮಾನ್ರೇ. ಹೊಗೆಯೂ ನಿಮ್ಮದೇ. ಮೂವತ್ತೊಂದು ವರ್ಷ ನೀವೇ ಕೂಡಿಹಾಕಿದ್ದು. ಈಗ ಆರಿಸಿದರೆ ಎಲ್ಲಾ ಒಳಗೇ ಉಳಿದು ಮತ್ತೆ ಹಿಡ್ಕೊಳ್ಳುತ್ತೆ. ವಾಸನೆ ತಡೆಯೋಕಾಗದಿದ್ದರೆ ಮೂಗು ಮುಚ್ಕೊಂಡು ಅತ್ತ ನಿಂತ್ಕೊಳ್ಳಿ. ಕೈ ಮಾತ್ರ ತೆಗೆಯಲ್ಲ."

ಯಜಮಾನ ಆ ಬೆರಳುಗಳನ್ನು ಬಿಡಿಸಲು ನೋಡಿದ. ಆಗಲಿಲ್ಲ. ಬೈದ. ನಿನ್ನನ್ನು ಈ ಊರಲ್ಲಿ ಇರಗೊಡುವುದಿಲ್ಲ ಎಂದ. ಮೆಕ್ಯಾನಿಕ್ ಕದಲಲಿಲ್ಲ. ಅರ್ಧ ಗಂಟೆ ಕಳೆಯಿತು. ಹೊಗೆ ತೆಳುವಾಯಿತು, ಇನ್ನೂ ತೆಳುವಾಯಿತು, ನಿಂತಿತು. ಆಗ ಆ ಕಾರಿನ ಸ್ವಂತ ಸದ್ದು ಕೇಳಿಸಿತು. ಮೆಕ್ಯಾನಿಕ್ ಕಣ್ಣು ಮುಚ್ಚಿ ಅದನ್ನು ಕೇಳಿದ. ಸಾಕೆನಿಸುವಷ್ಟು ಕೇಳಿದ. ಆಮೇಲೆ ಕೈ ತೆಗೆದ.

ಕತೆ ಮುಗಿಯಿತು. ಗವಿಸಿದ್ದನ ಮುಖ ಅರಳಿತು.

"ತಿಳೀತು ಗುರುಗಳೇ. ಆ ಮೆಕ್ಯಾನಿಕ್‌ನ ಹಾಗೆ ನಾನೂ ತಾಳ್ಮೆಯಿಂದ ಇವರನ್ನು ಸರಿಮಾಡಬೇಕು."

"ನಿನ್ನೆ ಕೀಲಿಗೆ ಕೈ ಹಾಕಿದವನು ನೀನು ಕಣೋ; ನಾಳೆ ದುರುಗಮ್ಮ ಎದ್ದು ನಿಂತಾಗ ಬಾಯಿ ಮುಚ್ಚಿಕೊಂಡು ಕೂತುಕೋ."