ಕಂಚುಗಾರರ ಬೀದಿಗೆ ಬಾರದ ಎತ್ತು

“ಗುರುಗಳೇ, ಒಂದೇ ಒಂದು ಸಲ ಹೊಡೆದದ್ದು, ಅದೂ ಹತ್ತು ವರ್ಷದ ಹಿಂದೆ. ಇವಳು ಅದನ್ನು ಮರೆಯುವುದು ಯಾವಾಗ?”

ಶಿಷ್ಯ ಕೇಳಿದ್ದು ಹೆಂಡತಿಯ ವಿಷಯ. ಮೊನ್ನೆ ಅಟ್ಟದ ಮೇಲಿನ ಚೀಲ ತೆಗೆಯಲೆಂದು ಕೈ ಎತ್ತಿದ್ದ. ಅವಳು ತಲೆ ಮುಚ್ಚಿಕೊಂಡು ಗೋಡೆಗೆ ಆತು ನಿಂತಳು. ಅವನಿಗೆ ರೇಗಿಹೋಯಿತು. ನಾನೇನು ರಾಕ್ಷಸನೇ ಎಂದು ಕೂಗಾಡಿದ. ಅವಳು ತವರಿಗೆ ಹೊರಟುಹೋದಳು. ನಾಳೆ ಕರೆಯಲು ಹೋಗಬೇಕು, ಬರುತ್ತಾಳೋ ಇಲ್ಲವೋ. ಇಷ್ಟನ್ನೂ ಅವನು ಹಲ್ಲು ಕಚ್ಚಿಕೊಂಡೇ ಹೇಳಿದ.

ಗುರುಗಳು ಕತೆ ತೆಗೆದರು.

ಒಂಟಿ ಎತ್ತಿನ ಗಾಡಿಯವನೊಬ್ಬನಿದ್ದ. ಸಂತೆಗೆ ಹೊತ್ತಾಯಿತೆಂದು ಲಾಳ ಹೊಡೆಯುವವನನ್ನು ಅವಸರಿಸಿದ. ಮೊಳೆ ಗೊರಸು ದಾಟಿ ಮಾಂಸಕ್ಕೆ ಇಳಿಯಿತು. ಗಾಯವೇನೋ ಎಂಟು ದಿನದಲ್ಲಿ ಮಾಯಿತು. ಆದರೆ ಸುತ್ತಿಗೆಯ ಸದ್ದು ಕೇಳಿದರೆ ಸಾಕು, ಎತ್ತು ನಡುಗುತ್ತಿತ್ತು. ಸಂತೆಯ ದಾರಿ ಕಂಚುಗಾರರ ಬೀದಿಯಲ್ಲೇ. ಅಲ್ಲಿ ಬೆಳಗಿನಿಂದ ಸಂಜೆಯವರೆಗೂ ಸುತ್ತಿಗೆಯದೇ ಸದ್ದು. ಎತ್ತು ಬೀದಿಯ ಬಾಯಲ್ಲಿ ಕಾಲೂರಿ ನಿಂತುಬಿಟ್ಟಿತು. ಗಾಡಿಯವನಿಗೆ ಸಿಟ್ಟು ನೆತ್ತಿಗೇರಿತು. ಇಲ್ಲಿ ಯಾರು ನಿನ್ನ ಕಾಲು ಮುಟ್ಟಿದರು ಹಾಳಾದ್ದೇ ಎಂದು ಬಾರುಕೋಲಿನಿಂದ ಬಾರಿಸಿದ. ಮರುದಿನ ಎತ್ತು ದೂರದಿಂದ ಬೀದಿ ಕಂಡೊಡನೆಯೇ ನಿಂತಿತು. ವಾರ ಕಳೆಯುವುದರೊಳಗೆ ಗಾಡಿಯವನ ಕೆಮ್ಮು ಕೇಳಿದರೂ ಕೊಟ್ಟಿಗೆಯ ಗೊಂತಿನಲ್ಲೇ ಗಡಗಡ ನಡುಗತೊಡಗಿತು.

ಇನ್ನು ಇದು ಕಟುಕನಿಗೇ ಸರಿ ಎಂದು ಗಾಡಿಯವನು ಅದನ್ನು ಹೊಡೆದುಕೊಂಡು ಹೊರಟ. ದಾರಿಯಲ್ಲಿ ದನದ ವೈದ್ಯನೊಬ್ಬ ಅಡ್ಡ ನಿಂತು ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡ.

“ಸದ್ದು ಕೇಳಿದ ಜೀವಕಣವೂ ನೋವು ಉಂಡ ಜೀವಕಣವೂ ಇದರ ಮಿದುಳಿನಲ್ಲಿ ಒಮ್ಮೆಗೇ ಎಚ್ಚೆತ್ತು ಕೈ ಕೈ ಹಿಡಿದುಕೊಂಡಿವೆ. ಒಂದನ್ನು ಮುಟ್ಟಿದರೆ ಇನ್ನೊಂದು ಏಳುತ್ತದೆ. ನೀನು ಹೊಡೆದಷ್ಟೂ ಹಿಡಿತ ಬಿಗಿಯಾಗುತ್ತದೆ, ಮುಠ್ಠಾಳ.”

ಮತ್ತೇನು ಮಾಡಲಿ ಎಂದು ಗಾಡಿಯವನು ಕೇಳಿದ. ಸದ್ದು ಸಣ್ಣಗೆ ಕೇಳುವಷ್ಟು ದೂರದಲ್ಲಿ ನಿಲ್ಲಿಸಿ ಹಿಂಡಿ ತಿನ್ನಿಸು, ದಿನಕ್ಕೆ ಒಂದು ಹೆಜ್ಜೆ ಮುಂದೆ ಹೋಗು ಎಂದ ವೈದ್ಯ. ಹಳೆಯ ಹಿಡಿತ ಬಿಟ್ಟುಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸದೊಂದು ಬೆಳೆಯುತ್ತದೆ, ಒಮ್ಮೆ ಬಾರುಕೋಲು ಎತ್ತಿದರೆ ಏಳುವುದು ಹಳೆಯದೇ ಎಂದೂ ಎಚ್ಚರಿಸಿದ.

ಎರಡು ತಿಂಗಳು ಗಾಡಿಯವನು ಹಾಗೆಯೇ ಮಾಡಿದ. ಎತ್ತು ಬೀದಿ ದಾಟಿತು. ದಾಟಿದ ಮೇಲೂ ಅದರ ಕಿವಿ ಒಂದಿಷ್ಟು ನಡುಗುತ್ತಿತ್ತು. ಇಷ್ಟೆಲ್ಲ ಮಾಡಿದ ಮೇಲೂ ಹೆದರುತ್ತೀಯಾ ಎಂದು ಗಾಡಿಯವನು ಮತ್ತೆ ಬಾರಿಸಿದ. ಎತ್ತು ಇನ್ನೆಂದೂ ಆ ಬೀದಿಗೆ ಬರಲಿಲ್ಲ.

ಶಿಷ್ಯನ ಮುಖ ಕೆಂಪೇರಿತು. “ನನ್ನ ಹೆಂಡತಿ ಎತ್ತಲ್ಲ, ಗುರುಗಳೇ,” ಎಂದ.

“ಎತ್ತಿನ ಕತೆ ಯಾರು ಹೇಳಿದರು? ನಾನು ಹೇಳಿದ್ದು ಗಾಡಿಯವನ ಕತೆ.”