ಕೆಸರುಗಾಲಮ್ಮನ ಹೊಂಡ

ಬೆಣಚಿನಹಟ್ಟಿಯಿಂದ ಹುಲ್ಲೇಗುಡ್ಡದ ಕಡೆಗೆ ಹೊರಟವರಿಗೆ ಮೊದಲು ಸಿಗುವುದು ಒಂದು ಕಲ್ಲಿನ ಕಲ್ಯಾಣಿ. ಕೆಲಸ ಅಚ್ಚುಕಟ್ಟಾಗಿದೆ. ಕಲ್ಲಿಗೆ ಕಲ್ಲು ಕೂಡಿದ ಕಡೆ ಉಗುರು ಕೂಡ ತೂರುವುದಿಲ್ಲ. ನೀರು ಮಾತ್ರ ಇಲ್ಲ. ಸುಗ್ಗಿಯಲ್ಲಿ ಊರಿನವರು ಅದರೊಳಗೆ ಮೆಕ್ಕೆಜೋಳ ಒಣಹಾಕುತ್ತಾರೆ. ಪಕ್ಕದಲ್ಲೊಂದು ಶಾಸನವಿದೆ, ಸೂರ್ಯಚಂದ್ರರು ಇರುವವರೆಗೂ ಈ ಕಲ್ಯಾಣಿಯ ಜಲ ಬತ್ತದು ಎಂದು ಅದರಲ್ಲಿ ಕೆತ್ತಿದೆ. ಅಲ್ಲಿಂದ ಇನ್ನೂರು ಹೆಜ್ಜೆ ಮೇಲೆ ಹೋದರೆ ಇನ್ನೊಂದು ಹೊಂಡ. ಇದಕ್ಕೆ ಕಲ್ಲಿಲ್ಲ, ಮೆಟ್ಟಿಲಿಲ್ಲ, ಶಾಸನವಿಲ್ಲ. ಊಟದ ತಟ್ಟೆಯ ಹಾಗೆ ಸುತ್ತಲಿಂದ ನಿಧಾನವಾಗಿ ಇಳಿಯುವ ಮಣ್ಣಿನ ತಗ್ಗು, ಮೇಲಿನ ಬದಿಗೆ ಒಂದಷ್ಟು ಜೊಂಡು. ಕಡುಬೇಸಗೆಯಲ್ಲೂ ಇದರಲ್ಲಿ ಮೊಣಕಾಲುದ್ದ ನೀರು ಇರುತ್ತದೆ. ದಡದಲ್ಲಿ ಬಾಗಿಲಿಲ್ಲದ ಗುಡಿ. ಒಳಗೆ ವಿಗ್ರಹವಿಲ್ಲ, ಜೇಡಿಮಣ್ಣಿನಲ್ಲಿ ಮೂಡಿಸಿದ ಎರಡು ಪಾದಗಳಿವೆ, ಅವುಗಳ ಸುತ್ತ ನಾಲ್ಕು ಗುಂಡನೆಯ ಕುಳಿಗಳಿವೆ. ಹೊರಗೆ ತಗುಲಿಸಿದ ತಗಡಿನ ಮೇಲೆ ‘ಕಾಲು ತೊಳೆದವರಿಗೆ ಪ್ರವೇಶವಿಲ್ಲ’ ಎಂದು ಬರೆದಿದೆ. ಹೊಸಬರು ಬರೆದವನ ಕೈತಪ್ಪು ಎಂದುಕೊಳ್ಳುತ್ತಾರೆ. ತಪ್ಪಲ್ಲ. ಹೊಂಡದ ಅಂಚಿನ ಕೆಸರನ್ನು ಒಂದು ಸುತ್ತು ತುಳಿದು, ಆ ಕಾಲಿನಲ್ಲೇ ಗುಡಿಯೊಳಗೆ ಹೋಗಬೇಕು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಬೆಣಚಿನಹಟ್ಟಿಗೆ ಕುಡಿಯುವ ನೀರಿಗೆಂದು ಇದ್ದದ್ದು ಒಂದೇ ಬಾವಿ, ಸಿಹಿಬಾವಿ. ಗುಡ್ಡದ ಹುಲ್ಲೆ, ಮೊಲ, ನರಿ, ಕರಡಿಗಳಿಗೆ ಅದೂ ಇರಲಿಲ್ಲ. ಬೇಸಗೆಯಲ್ಲಿ ಅವು ನೀರಿನ ವಾಸನೆ ಹಿಡಿದು ಬಾವಿಗೆ ಬರುತ್ತಿದ್ದವು, ಬಗ್ಗುತ್ತಿದ್ದವು, ಬೀಳುತ್ತಿದ್ದವು. ಹುಲ್ಲೆ ಬಿದ್ದು ಕೊಳೆತರೆ ಹದಿನೈದು ದಿನ ನೀರು ಮುಟ್ಟುವಂತಿರಲಿಲ್ಲ. ಒಂದು ವರ್ಷ ಕರಡಿ ಬಿತ್ತು. ಅದು ಸಾಯಲಿಲ್ಲ, ನಾಲ್ಕು ದಿನ ಒಳಗೇ ಕುಳಿತು, ಮೇಲೆ ಬಗ್ಗಿದವರನ್ನೆಲ್ಲ ಬೈದಿತು ಎನ್ನುತ್ತಾರೆ. ಊರಗೌಡ ಮುದಿಯಪ್ಪ ಪಾಳೆಯಗಾರನ ಕಾಲಿಗೆ ಬಿದ್ದ. ಪಾಳೆಯಗಾರ ಉದಾರಿ, ಪ್ರಾಣಿಗಳಿಗೆಂದು ಗುಡ್ಡದ ಬುಡದಲ್ಲಿ ಕಲ್ಯಾಣಿಯನ್ನೇ ಕಟ್ಟಿಸಿಕೊಟ್ಟ. ಮೊದಲ ಮಳೆಗೆ ಅದು ತುಂಬಿತು. ತುಂಬಿದ ದಿನವೇ ಶಾಸನ ನೆಟ್ಟರು. ಒಂಬತ್ತನೆಯ ದಿನಕ್ಕೆ ತಳ ಕಂಡಿತು. ಕಲ್ಲಿನ ಕೆಳಗೆ ಗುಡ್ಡದ ಸಡಿಲು ಗರಸು, ಅದು ಕೊಟ್ಟಷ್ಟನ್ನೂ ಕುಡಿಯಿತು. ಶಾಸನ ಕೀಳಿಸುವಷ್ಟು ಧೈರ್ಯ ಯಾರಿಗೂ ಇರಲಿಲ್ಲ. ಅದಕ್ಕೇ ಇವತ್ತಿಗೂ ನಿಂತಿದೆ. ಆ ಬೇಸಗೆಯಲ್ಲಿ ಬಾವಿಗೆ ಮತ್ತೆ ಮೂರು ಹುಲ್ಲೆ ಬಿದ್ದವು. ಮುದಿಯಪ್ಪ ಗೌಡ ಊರು ಸೇರಿಸಿ ಹೇಳಿದ: ಮುಂದಿನ ಸುಗ್ಗಿಯೊಳಗೆ ದಾರಿಯಾಗದಿದ್ದರೆ ಊರನ್ನೇ ಎತ್ತಿ ಎರಡು ಗಾವುದ ಆಚೆಯ ಹೊಳೆದಂಡೆಗೆ ಹೋಗುವುದು.

ಬೇರೆಯವರಿಗೆ ಅದು ಗಂಟುಮೂಟೆಯ ಚಿಂತೆ. ಕುಂಬಾರರ ಬೊಮ್ಮಕ್ಕನಿಗೆ ಹಾಗಲ್ಲ. ಹೊಳೆದಂಡೆಯ ಊರಿನಲ್ಲಿ ಆಗಲೇ ನಾಲ್ಕು ಮನೆ ಕುಂಬಾರರಿದ್ದರು. ಐದನೆಯದಕ್ಕೆ ಅಲ್ಲಿ ಒಲೆಯೂ ಇಲ್ಲ, ಮಣ್ಣೂ ಇಲ್ಲ. ಬೊಮ್ಮಕ್ಕ ಗಂಡ ಸತ್ತ ಮೇಲೆ ಮೈದುನ ಕರಿಬಸನ ಮನೆಯಲ್ಲಿದ್ದವಳು. ಹೆಂಗಸರು ಕುಂಬಾರರ ಚಕ್ರವಾದ ತಿಗರಿ ಮುಟ್ಟಬಾರದೆಂಬ ಕಟ್ಟಳೆಯಿದ್ದುದರಿಂದ ಅವಳ ಕೆಲಸ ಮಣ್ಣು ತುಳಿಯುವುದು. ಮದುವೆಯಾಗಿ ಬಂದಾಗಿನಿಂದ ಮೂವತ್ತು ವರ್ಷ ಅವಳು ತುಳಿದದ್ದು ಅದನ್ನೇ. ತಿಗರಿ ತಿರುಗಿಸಿದವನಿಗೆ ಹೆಸರು ಬರುತ್ತದೆ. ತುಳಿದವಳಿಗೆ ಹಿಮ್ಮಡಿ ಬಿರಿಯುತ್ತದೆ. ಆದರೆ ಆ ಬಿರಿದ ಹಿಮ್ಮಡಿಗೆ ಒಂದು ವಿಷಯ ಗೊತ್ತಿತ್ತು. ಮನೆಯ ಹಿಂದೆ ಮಣ್ಣು ಹದಕ್ಕೆ ಹಾಕುವ ಗುಂಡಿಯಿತ್ತಲ್ಲ, ಅದರಲ್ಲಿ ಮಳೆಗಾಲದಲ್ಲಿ ನಿಂತ ನೀರು ಸಂಕ್ರಾಂತಿ ಕಳೆದರೂ ಹೋಗುತ್ತಿರಲಿಲ್ಲ. ಕಲ್ಲೂ ಇಲ್ಲ, ಗಾರೆಯೂ ಇಲ್ಲ. ತುಳಿದ ಜೇಡಿ, ಅಷ್ಟೇ.

ಅವಳು ಅದನ್ನು ಮೊದಲು ಹೇಳಿದ್ದು ಕರಿಬಸನಿಗೆ. ಪ್ರಾಣಿಗಳಿಗೆ ಗುಡ್ಡದ ಮೇಲೆ ಜೇಡಿಯ ಹೊಂಡ ಮಾಡೋಣ, ಅದಕ್ಕೆ ಗುಂಡಿಯಲ್ಲಿ ಮೂರು ವರ್ಷದಿಂದ ಹದಕ್ಕೆ ಬಿದ್ದಿದ್ದ ಮಣ್ಣನ್ನೂ, ಹಳ್ಳದ ದಡದಲ್ಲಿ ಉಳಿದಿದ್ದ ಜೇಡಿಯನ್ನೂ ಗುಡ್ಡಕ್ಕೆ ಹೊರಿಸಬೇಕು ಎಂದಳು. ಕರಿಬಸ ತಿಗರಿ ನಿಲ್ಲಿಸಿದ.

“ಅತ್ತಿಗೇ, ಮಣ್ಣೆಲ್ಲ ನರಿಗೆ ಕೊಟ್ರೆ ನಾನು ಮಡಕೆ ಯಾತರಾಗೆ ಮಾಡ್ಲಿ? ನಿನ್ನ ತಲೆಯಾಗಾ?”

“ಊರೇ ಎದ್ದೋದ ಮ್ಯಾಲೆ ಮಡಕೆ ಯಾರಿಗೆ ಮಾರ್ತೀಯೋ, ಕರಿಬಸ? ನರಿಗಾ?”

ಕರಿಬಸ ಎರಡು ದಿನ ತಿಗರಿಗೇ ಅಂಟಿಕೊಂಡ. ಮೂರನೆಯ ದಿನ ತಾನೇ ಮೊದಲ ಮಂಕರಿ ಹೊತ್ತ.

ಮುಂಗಾರಿನ ಮೊದಲ ಹನಿಗಳು ಬಿದ್ದು ಮಣ್ಣು ನೆನೆದ ಮೇಲೆ, ಗೌಡನ ಒಪ್ಪಿಗೆಯಿಂದ ಕೆಲಸ ಶುರುವಾಯಿತು. ಹೊಂಡ ಆಳವಾಗಿರಬಾರದು, ಸುತ್ತ ಗೋಡೆ ನಿಲ್ಲಿಸಬಾರದು ಎಂದಳು ಬೊಮ್ಮಕ್ಕ. ಬಾವಿಯ ತಪ್ಪೇ ಅದು, ಇಳಿದವರಿಗೆ ಹತ್ತಲು ಆಗುವುದಿಲ್ಲ. ಗೌಜಲಹಕ್ಕಿಯ ಮರಿ ಕೂಡ ಇಳಿದು, ಕುಡಿದು, ಹತ್ತಿಕೊಂಡು ಹೋಗುವಂತಿರಬೇಕು. ತಳಕ್ಕೆ ಮೊಳದಷ್ಟು ದಪ್ಪ ಜೇಡಿ ಹರಡಿಸಿದಳು. ಗುಡ್ಡದ ನೀರು ಬರುವ ಬದಿಗೆ ಇನ್ನೊಂದು ಸಣ್ಣ ತಗ್ಗು ತೋಡಿಸಿ, ಅದಕ್ಕೆ ಗರಸುಕಲ್ಲು ತುಂಬಿಸಿ, ಬಾವಿಯ ಬಚ್ಚಲಿನ ಹತ್ತಿರ ಬೆಳೆದಿದ್ದ ಜೊಂಡನ್ನು ಬೇರುಸಹಿತ ಕಿತ್ತು ತಂದು ನೆಡಿಸಿದಳು. ಅದೇಕೆಂದು ಕೇಳಿದವರಿಗೆ ಅವಳು ಕೊಟ್ಟ ಉತ್ತರವನ್ನು ಊರು ಇನ್ನೂ ಮರೆತಿಲ್ಲ: “ಓಡಿ ಬಂದ ನೀರು ಕೊಳೆ ಹೊತ್ಕಂಡು ಬರ್ತೈತೆ. ನಡ್ಕಂಡು ಬಂದದ್ದು ದಾರಿಯಾಗೆ ಇಳಿಸಿ ಬರ್ತೈತೆ.” ಈ ಜೊಂಡನ್ನು ದೇವಿ ಕನಸಿನಲ್ಲಿ ಬಂದು ಕೊಟ್ಟಳು ಎನ್ನುವವರೂ ಇದ್ದಾರೆ. ಬಚ್ಚಲಿನಿಂದ ತಂದದ್ದು ಎನ್ನಲು ಕೆಲವರಿಗೆ ಸಂಕೋಚ.

ಆಮೇಲೆ ತುಳಿಯುವುದು. ಆರು ದಿನ ಊರಿಗೆ ಊರೇ ತುಳಿಯಿತು. ಕುರಿಗಾಹಿಗಳು ಹಿಂಡು ಹಿಂಡೇ ಇಳಿಸಿದರು. ಕುರಿಯ ಗೊರಸಿಗಿಂತ ಒಳ್ಳೆಯ ಒನಕೆ ಇಲ್ಲ. ಯಾರ ಕಾಲೂ ಬೀಳದ ಜಾಗ ಉಳಿಯಬಾರದು ಎಂದು ಬೊಮ್ಮಕ್ಕ ಕೂಗಿ ಕೂಗಿ ಹೇಳಿದಳು. ಮುದಿಯಪ್ಪ ಗೌಡ ಮೊದಲ ದಿನವೇ ಹಗ್ಗದ ಮಂಚ ತರಿಸಿ, ಎಲ್ಲರೂ ಕಾಣಲೆಂದು ಹೊಂಡದ ನಟ್ಟನಡುವೆ ಹಾಕಿಸಿ, ಕೊಡೆ ಹಿಡಿಸಿಕೊಂಡು ಕುಳಿತು ಮೇಲ್ವಿಚಾರಣೆ ಮಾಡಿದ. ಕಷ್ಟಪಟ್ಟೇ ಮಾಡಿದ, ಆರು ದಿನವೂ ಬೆಳಗಿನಿಂದ ಸಂಜೆಯವರೆಗೂ ಕದಲಲಿಲ್ಲ.

ಆರಿದ್ರಾ ಮಳೆಗೆ ಹೊಂಡ ತುಂಬಿತು. ಊರು ಕುಣಿಯಿತು. ಹನ್ನೊಂದನೆಯ ದಿನಕ್ಕೆ ತಳ ಕಂಡಿತು. ಪಾಳೆಯಗಾರನ ಕಲ್ಯಾಣಿಗಿಂತ ಎರಡು ದಿನ ಹೆಚ್ಚು. ಇದನ್ನು ಎತ್ತಿ ಆಡಿದವರೂ ಇದ್ದರು. “ಮಣ್ಣೂ ಹೋಯ್ತು, ನೀರೂ ಹೋಯ್ತು,” ಎಂದ ಕರಿಬಸ. ಬೈದಿದ್ದರೆ ಬೊಮ್ಮಕ್ಕನಿಗೆ ಹಗುರವಾಗುತ್ತಿತ್ತು. ಊರಿನಲ್ಲಿ ಗಾಡಿಗಳ ಕೀಲಿಗೆ ಎಣ್ಣೆ ಹಾಕುವುದಕ್ಕೆ ಶುರು ಮಾಡಿದ್ದರು. ಅವಳು ಒಬ್ಬಳೇ ಗುಡ್ಡಕ್ಕೆ ಹೋದಳು, ಒಣಗುತ್ತಿದ್ದ ತಳಕ್ಕೆ ಇಳಿದಳು, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ನಡೆದಳು. ಕಣ್ಣು ಏನನ್ನೂ ಹುಡುಕಲಿಲ್ಲ, ಹಿಮ್ಮಡಿ ಹುಡುಕಿತು. ಎಲ್ಲ ಕಡೆಯೂ ಮಣ್ಣು ಬೆಂದ ರೊಟ್ಟಿಯ ಹಾಗೆ ಗಟ್ಟಿ. ನಟ್ಟನಡುವೆ ಬಂದಾಗ ಕಾಲು ಒಳಗೆ ಹೋಯಿತು. ಹಸಿ ಮಣ್ಣು, ಹೆಂಟೆ ಹೆಂಟೆಯಾಗಿ ಹಾಕಿದ್ದು ಹಾಕಿದ ಹಾಗೇ ಇತ್ತು. ಉದ್ದ ಒಂದಾಳು, ಅಗಲ ಎರಡು ಮೊಳ. ನಾಲ್ಕು ಮೂಲೆಗೂ ನಾಲ್ಕು ಗುಂಡನೆಯ ಕುಳಿ.

ಅವಳು ಅಲ್ಲೇ ಕುಳಿತುಬಿಟ್ಟಳು ಎನ್ನುತ್ತಾರೆ. ಕಾರಣ ಸಿಕ್ಕಿದ್ದಕ್ಕೆ ಸಂತೋಷ ಪಡಬೇಕಿತ್ತು. ಆದರೆ ಊರಗೌಡನ ಮುಖಕ್ಕೆ ನಿನ್ನ ಮಂಚದಿಂದ ಊರು ಮುಳುಗುತ್ತಿದೆ ಎನ್ನುವುದು ಹೇಗೆ? ಗಂಡಸರೇ ಹೇಳಲು ಹೆದರುವ ಮಾತು. ಅವಳು ಮಣ್ಣು ತುಳಿಯುವ ವಿಧವೆ. ಹೇಳದಿದ್ದರೆ ಸುಗ್ಗಿಗೆ ಗಾಡಿ ಹೊರಡುತ್ತವೆ. ಅವಳು ಎದ್ದು ಗೌಡನ ಮನೆಯ ಜಗಲಿಯ ಮುಂದೆ ಹೋಗಿ ನಿಂತಳು. ಜಗಲಿಯ ತುಂಬ ಜನವಿದ್ದರು.

“ನಡುವೆ ಒಂದು ಕಡೆ ತುಳಿತ ಬಿದ್ದಿಲ್ಲ, ಗೌಡ್ರೇ. ಅಲ್ಲಿಂದ್ಲೇ ಸೋರೈತೆ.”

“ಯಾವ ಮೈಗಳ್ಳ ಬಿಟ್ಟೋನು? ಹೆಸರು ಹೇಳು. ಕಂಬಕ್ಕೆ ಕಟ್ಟಿಸಿ ಹೊಡೆಸ್ತೀನಿ!”

“ಹೊಡೆಸೋದು ಬ್ಯಾಡ. ಒಂದ್ಕಿತ ಬಂದು ನೋಡಿ.”

ಗೌಡ ಬಂದ. ಜಗಲಿಯೂ ಹಿಂದೆಯೇ ಬಂತು. ಬೊಮ್ಮಕ್ಕ ಕುಳಿಗಳ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತಳು. ಮುದಿಯಪ್ಪ ಗೌಡ ಒಂದನ್ನು ನೋಡಿದ, ಎರಡನೆಯದನ್ನು ನೋಡಿದ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವನಿಗೆ ಅರ್ಥವಾಗಿತ್ತು. ಹಿಂದಿನಿಂದ ಯಾವುದೋ ಮುದುಕಿ, “ಗೌಡ್ರ ಮಂಚ ಊರು ಕಾಯ್ತೈತೆ ಅಂದ್ಕಂಡಿದ್ದೆ ಕಣವ್ವಾ, ನೀರು ಕುಡೀತಿತ್ತು!” ಎಂದಳು. ಎಲ್ಲರೂ ಗೌಡನ ಕೈಯಲ್ಲಿದ್ದ ಬೆತ್ತ ನೋಡುತ್ತಿದ್ದರು.

ಐತಿಹ್ಯಗಳಲ್ಲಿ ಈ ಘಟ್ಟಕ್ಕೆ ಬಂದಾಗ ಸಾಮಾನ್ಯವಾಗಿ ಯಾರಾದರೂ ಸಾಯುತ್ತಾರೆ. ಕೆರೆಗೊಬ್ಬಳು ಸೊಸೆ, ಕೋಟೆಗೊಬ್ಬಳು ಬಸುರಿ. ಹುಲ್ಲೇಗುಡ್ಡದಲ್ಲಿ ಹಾಳಾದದ್ದು ಒಂದು ಪಂಚೆ ಮಾತ್ರ. ಗೌಡ ಬೆತ್ತ ಕೆಳಗಿಟ್ಟ, ಜೋಡು ಕಳಚಿದ.

“ನಂದೇ ಮಂಚ,” ಎಂದ. ಬೊಮ್ಮಕ್ಕನ ಕಡೆ ತಿರುಗಿ, “ಹೆಂಗೆ ತುಳೀಬೇಕವ್ವಾ?” ಎಂದ.

“ಹಿಮ್ಮಡಿ ಊರಿ ತುಳೀರಿ. ಪಂಚೆ ಎತ್ಕಳ್ಳಿ.”

ಎತ್ತಿಕೊಳ್ಳುವುದು ಅವನಿಗೆ ಮರೆತುಹೋಯಿತು. ನೀರು ಚಿಮುಕಿಸಿ, ಮಣ್ಣು ನೆನೆಸಿ, ಅವತ್ತು ಇಡೀ ದಿನ ಮುದಿಯಪ್ಪ ಗೌಡ ತನ್ನ ಮಂಚದಷ್ಟು ಜಾಗವನ್ನು ತಾನೇ ತುಳಿದ. ಬೊಮ್ಮಕ್ಕ ಪಕ್ಕದಲ್ಲಿ ನಿಂತು, ಸಾಲದೆ ಹೋದಾಗ ಸಾಲದು ಎಂದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ಅವಳಿಂದ ಆ ಕೆಲಸ ಕಲಿಯುತ್ತಿದ್ದರು. ಸಂಜೆ ಅವನಿಗೆ ಕಾಲು ಎತ್ತಿಡಲು ಆಗಲಿಲ್ಲ. ಕುರಿಗಾಹಿಗಳು ಮಂಚದ ಮೇಲೆ ಮಲಗಿಸಿ ಮನೆಗೆ ಹೊತ್ತೊಯ್ದರು. ಮಂಚ ಅವತ್ತು ನಿಜವಾಗಿ ಉಪಯೋಗಕ್ಕೆ ಬಂತು.

ಹಸ್ತಾ ಮಳೆ ಹೊಂಡ ತುಂಬಿಸಿತು. ಹನ್ನೊಂದು ದಿನವಾಯಿತು, ಇಪ್ಪತ್ತಾಯಿತು, ಸುಗ್ಗಿ ಮುಗಿಯಿತು. ನೀರು ಹಾಗೇ ಇತ್ತು, ಜೊಂಡಿನ ಕೆಳಗೆ ತಿಳಿಯಾಗಿ ಇಳಿಯುತ್ತಿತ್ತು. ಗಾಡಿಗಳ ನೊಗ ಕಳಚಿಟ್ಟರು. ಆ ಬೇಸಗೆ ಬಾವಿಗೆ ಒಂದು ಮೊಲವೂ ಬೀಳಲಿಲ್ಲ. ಊರು ತನ್ನ ಋಣವನ್ನು ಬಾಯಿಯಲ್ಲಿ ಹೇಳಲಿಲ್ಲ, ಒಂದು ಕೆಲಸ ಮಾಡಿತು. ಕರಿಬಸನ ಗುಂಡಿ ಬರಿದಾಗಿತ್ತು, ಹೊಸ ಮಣ್ಣು ಹದಕ್ಕೆ ಬರಲು ವರ್ಷ ಬೇಕಿತ್ತು. ಆ ಒಂದು ವರ್ಷ ಬೆಣಚಿನಹಟ್ಟಿಯ ಯಾವ ಮನೆಯವರೂ ಹೊಳೆದಂಡೆಯ ಕುಂಬಾರರಿಂದ ಒಂದು ಮಡಕೆ ಕೊಳ್ಳಲಿಲ್ಲ. ಸೀಳು ಬಿಟ್ಟದ್ದಕ್ಕೆ ಅರಗು ಮೆತ್ತಿಕೊಂಡು, ಬಾಯಿ ಒಡೆದದ್ದರಲ್ಲೇ ನೀರು ತಂದುಕೊಂಡು ಕಾದರು. ಮಡಕೆಗೆಂದು ಕೊಡುವ ಕರಿಬಸನ ಪಾಲಿನ ಧಾನ್ಯವನ್ನು ಸುಗ್ಗಿಯಲ್ಲಿ ಎಂದಿನಂತೆ ಅವನ ಮನೆಗೇ ತಂದು ಸುರಿದರು. ಗೌಡ ಬೊಮ್ಮಕ್ಕನ ಹೆಸರಿನಲ್ಲಿ ಶಾಸನ ಹಾಕಿಸುತ್ತೇನೆ ಎಂದಾಗ ಅವಳು ಒಪ್ಪಲಿಲ್ಲ.

“ಬರೆಸಿದ್ದರ ಗತಿ ಕೆಳಗೆ ನಿಂತೈತಲ್ಲ ಗೌಡ್ರೇ. ವರ್ಷಕ್ಕೊಂದ್ಕಿತ ಬಂದು ಅಂಚು ತುಳೀರಿ. ಸಾಕು.”

ಬೊಮ್ಮಕ್ಕ ಯಾವಾಗ ಸತ್ತಳೋ, ಯಾವಾಗ ಕೆಸರುಗಾಲಮ್ಮನಾದಳೋ ಯಾರಿಗೂ ಗೊತ್ತಿಲ್ಲ. ಗುಡಿಯ ನಾಲ್ಕು ಕುಳಿಗಳು ದೇವಿಯ ಸಿಂಹಾಸನದ ಗುರುತು ಎಂದು ಪೂಜಾರಿ ಹೇಳುತ್ತಾನೆ. ಅವು ಮಂಚದ ಕಾಲು. ಆದರೆ ಮುಂಗಾರಿನ ಮೊದಲ ಹನಿ ಬಿದ್ದ ಮಾರನೆಯ ದಿನ ಊರಿಗೆ ಊರೇ ಇವತ್ತಿಗೂ ಗುಡ್ಡಕ್ಕೆ ಬರುತ್ತದೆ. ಗೌಡನ ಮನೆತನದವರು ಮೊದಲು ಇಳಿಯಬೇಕು, ಬರಿಗಾಲಿನಲ್ಲಿ. ಪ್ರತಿ ಮನೆಯಿಂದ ಸಿಹಿಬಾವಿಯ ಒಂದು ಕೊಡ ನೀರು ತಂದು, ಬಾವಿ ಉಳಿಸಿದ್ದಕ್ಕೆಂದು ಹೊಂಡಕ್ಕೆ ಸುರಿಯುತ್ತಾರೆ. ಹೊಂಡದಿಂದ ಯಾರೂ ಒಂದು ಬೊಗಸೆಯನ್ನೂ ಎತ್ತುವುದಿಲ್ಲ. ದೇವರನ್ನು ನಂಬದವರು ತುಳಿದರೂ ಮಣ್ಣು ಗಟ್ಟಿಯಾಗುತ್ತದೆ. ಈ ಗುಡಿಗೆ ಅಷ್ಟು ಸಾಕು. ಬೆಳಗ್ಗೆ ಬೇಗ ಹೋದವರಿಗೆ ಅಂಚಿನ ಕೆಸರಿನಲ್ಲಿ ಹುಲ್ಲೆಯ ಗೊರಸು, ಮುಂಗುಸಿಯ ಉಗುರು, ಗೌಜಲಹಕ್ಕಿಯ ಮೂರು ಗೆರೆ, ಒಮ್ಮೊಮ್ಮೆ ಕರಡಿಯ ಅಗಲವಾದ ಅಂಗಾಲು ಕಾಣುತ್ತವೆ. ಎಲ್ಲವೂ ನೀರಿಗೆ ಇಳಿದು, ನೀರಿನಿಂದ ಹತ್ತಿ, ಗುಡ್ಡಕ್ಕೇ ಮರಳಿರುತ್ತವೆ. ಬಾವಿಯ ಕಡೆಗೆ ಹೋದದ್ದು ಒಂದೂ ಇರುವುದಿಲ್ಲ.