ಹೊಳೆಗೆ ಬೆನ್ನು ಮಾಡಿ ಉಣ್ಣುವವನು

ಹೊಳೆದಂಡೆಯಲ್ಲಿ ಒಂದು ಆಶ್ರಮ, ಆಶ್ರಮದಲ್ಲಿ ಒಬ್ಬರು ಗುರುಗಳು. ಅವರ ಎಡಗಿವಿ ಕೇಳುತ್ತಿರಲಿಲ್ಲ. ಅದಕ್ಕೇ ಶಿಷ್ಯರೆಲ್ಲ ಬಲಗಡೆಗೆ ಒತ್ತಿಕೊಂಡು ಕೂರುತ್ತಿದ್ದರು. ಎಡಗಡೆ ಬೆಕ್ಕು ಮಲಗುತ್ತಿತ್ತು.

"ಒಂದು ಕಿವಿ ಲೋಕಕ್ಕೆ, ಇನ್ನೊಂದು ದೇವರಿಗೆ," ಎಂದು ಶಿಷ್ಯರು ಬಂದವರಿಗೆಲ್ಲ ಹೇಳುತ್ತಿದ್ದರು. ಗುರುಗಳು ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಎನ್ನುತ್ತಿರಲಿಲ್ಲ.

ಆ ಶಿಷ್ಯರಲ್ಲಿ ತಿಪ್ಪೇಶ ಅಂತ ಒಬ್ಬ. ಹೋದ ಮಳೆಗಾಲದಲ್ಲಿ ಅವನ ತಮ್ಮ ಓಬಳಿ, ಅಣ್ಣನನ್ನು ನೋಡಲು ಬಂದವನು, ಕಣ್ಣೆದುರೇ ಹೊಳೆಪಾಲಾಗಿದ್ದ. ತಿಪ್ಪೇಶನಿಗೆ ಈಜು ಬಾರದು. ದಂಡೆಯಲ್ಲಿ ನಿಂತು ಮಂತ್ರ ಹೇಳಿದ. ಮಂತ್ರ ಮುಗಿಯುವುದರೊಳಗೆ ತಮ್ಮನೂ ಮುಗಿದಿದ್ದ.

ಒಂದು ಬೆಳಿಗ್ಗೆ ತಿಪ್ಪೇಶ ಬಂದು ಗುರುಗಳ ಬಲಕ್ಕೆ ಕೂತ.

"ಗುರುಗಳೇ, ನನಗೆ ಜಪ ಸಾಕಾಯಿತು. ನೀರಿಗೆ ಬಿದ್ದವರನ್ನು ಎತ್ತುವ ಕಸುಬು ಕಲಿಯುತ್ತೇನೆ."

"ಕಲಿಯುವ ಮೊದಲು, ಮಾಡಿದವನನ್ನು ಕೇಳು. ಕೆಳಗಿನ ಕಡವಿನಲ್ಲಿ ಹರಿಗೋಲು ಹಾಕುವ ಗಾಳೆಪ್ಪ ಇದ್ದಾನೆ. ಮುಳುಗಿದವರನ್ನು ಎತ್ತುವವನೂ ಅವನೇ. ಹೋಗಿ ಕೇಳು. ಅವನು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬಂದು ನನಗೆ ಹೇಳು."

ಹೊರಗಿದ್ದ ಶಿಷ್ಯರು ಕಿಸಕ್ಕೆಂದರು. ಆಶ್ರಮ ಬಿಡುತ್ತೇನೆ ಎಂದವರನ್ನೆಲ್ಲ ಗುರುಗಳು ಕಳಿಸುತ್ತಿದ್ದದ್ದು ಅಲ್ಲಿಗೇ. ಮಗ್ಗ ಕಲಿಯುವೆ ಎಂದವನನ್ನೂ ಕಡವಿಗೆ, ಗಾಣ ಹಾಕುವೆ ಎಂದವನನ್ನೂ ಕಡವಿಗೆ.

"ಇದರಲ್ಲೇನೋ ಗೂಢ ಇದೆ ಕಣ್ರೋ," ಎಂದ ಹಿರಿಯ ಶಿಷ್ಯ.

ಗೂಢ ಇತ್ತು, ಸುಳ್ಳಲ್ಲ.

ಕಡವು ಅರ್ಧ ದಿನದ ದಾರಿ. ತಿಪ್ಪೇಶ ಹೋದಾಗ ಮುದುಕ ಗಾಳೆಪ್ಪ ಗುಡಿಸಲ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದ. ಮುಖ ಗೋಡೆಗೆ, ಬೆನ್ನು ಹೊಳೆಗೆ.

"ಬನ್ನಿ ಮರಿಸ್ವಾಮೇರೆ. ನಿಮ್ಮದು ಯಾವ ಕಸುಬು? ಹೋದ ಸಲ ಬಂದೋನು ನನ್ನ ಹತ್ರ ಲಾಳಿ ವಿಚಾರ ಕೇಳಿದ, ಪುಣ್ಯಾತ್ಮ."

"ನನಗೆ ನಿಮ್ಮ ಕಸುಬೇ ಬೇಕು, ಅಜ್ಜ."

"ಹಂಗಾದ್ರೆ ಕೂತ್ಕೊ. ಇರೋದು ಒಂದೇ ಮಾತು. ಮುಳುಗೋನ ಹತ್ರ ಮುಂದಿನಿಂದ ಹೋಗಬಾರದು. ಹೋದ್ಯೋ, ಕೊರಳಿಗೆ ಬೀಳ್ತಾನೆ, ಇಬ್ರೂ ಹೋಗ್ತೀರಿ. ಎಷ್ಟೇ ಅವಸರ ಇರಲಿ, ಸುತ್ತು ಹಾಕ್ಕೊಂಡು ಹಿಂದಿನಿಂದ ಹೋಗು. ಜುಟ್ಟು ಹಿಡಿ, ಎಳಿ. ಬೋಳುತಲೆಯೋರು ಏನೋ ಪಾಪ ಮಾಡಿರ್ತಾರೆ."

ತಿಪ್ಪೇಶ ತನ್ನ ಬೋಳುತಲೆ ಮುಟ್ಟಿಕೊಂಡ. ಗಾಳೆಪ್ಪ ನಕ್ಕು ಅರ್ಧ ರೊಟ್ಟಿ ಅವನ ಕೈಗಿಟ್ಟ.

ತಿಪ್ಪೇಶ ಹಿಂದಿರುಗಿ ಕೇಳಿದ್ದನ್ನು ಒಪ್ಪಿಸಿದ.

"ಮತ್ತೇನು ಹೇಳಿದ?" ಎಂದರು ಗುರುಗಳು.

"ಅಷ್ಟೇ."

"ಉಣ್ಣುವಾಗ ಯಾವ ಕಡೆ ಮುಖ ಮಾಡಿದ್ದ?"

"ಗೋಡೆ ಕಡೆ. ಹೊಳೆಗೆ ಬೆನ್ನು."

"ಹೋದವರೆಲ್ಲ ಹಾಗೇ ಹೇಳುತ್ತಾರೆ. ಯಾಕೆ ಅಂತ ಒಬ್ಬರೂ ಕೇಳಿ ಬರಲಿಲ್ಲ. ನೀನು ಕೇಳಿ ಬಾ."

ತಿಪ್ಪೇಶ ಮತ್ತೆ ಹೋದ. ಕೇಳಿದ.

ಗಾಳೆಪ್ಪ ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೇ ಇಟ್ಟ.

"ನನಗೊಬ್ಬಳು ಮಗಳಿದ್ದಳು, ಹೊನ್ನಿ. ಹರಿಗೋಲಿನೊಳಗೆ ಜಿನುಗಿದ ನೀರು ಮೊಗೆದು ಚೆಲ್ಲೋದು ಅವಳ ಕೆಲಸ. ಒಂಬತ್ತು ವರ್ಷದೋಳು, ಹೊಳೆಗೇ ಬೈಯೋಳು. ಮೂವತ್ತು ವರ್ಷದ ಕೆಳಗೆ ಒಂದಿನ ಸುಳಿಗೆ ಸಿಕ್ಕಿ ಹರಿಗೋಲು ಮಗುಚಿತು. ಇದ್ದೋರು ಮೂರೇ ಜನ. ನಾನು, ಅವಳು, ಹೊತ್ತಗೆ ಗಂಟು ಹೊತ್ತಿದ್ದ ಒಬ್ಬ ಹುಡುಗ."

"ಆಮೇಲೆ?"

"ಅವನು ನಡುವೆ, ಅವಳು ಆಚೆ. ಅವಳ ಜಡೆ ಕಂಡಿತು ನೋಡು, ನೆಟ್ಟಗೆ ನುಗ್ಗಿಬಿಟ್ಟೆ. ಸುತ್ತು ಹಾಕಬೇಕಿತ್ತು. ಹುಟ್ಟಿದಾಗಿನಿಂದ ಮಾಡಿದ ಕಸುಬು, ಮರೆತೇಹೋಯ್ತು. ಅವನು ಮುಂದಿನಿಂದ ಕೊರಳಿಗೆ ಬಿದ್ದ."

"ಬಿಡಿಸಿಕೊಳ್ಳಲಿಲ್ಲವಾ?"

"ಅವನು ಬಿಟ್ಟರೆ ತಾನೇ? ಈ ಬಲಗೈಲೇ ಅವನ ಎಡಗಿವಿ ಮೇಲೆ ಬಿಗಿದೆ. ರಕ್ತ ಬಂತು, ಹಿಡಿತ ಬಿಡಲಿಲ್ಲ. ಹಾಗೇ ಹೊತ್ತುಕೊಂಡು ದಂಡೆಗೆ ಬಂದೆ. ತಿರುಗಿ ನೋಡಿದರೆ ಹೊಳೆ ಏನೂ ಆಗದಂಗೆ ಹರೀತಿತ್ತು."

"ಆ ಹುಡುಗ?"

"ನೀರು ಕಾರಿದ. 'ನನ್ನ ಹೊತ್ತಗೆ ಎಲ್ಲಿ?' ಅಂದ. ಎದ್ದು ಹೋದ."

ತಿಪ್ಪೇಶ ಹೊಳೆಯತ್ತ ತಿರುಗಿದ.

"ನನ್ನ ತಮ್ಮನೂ ಹೊಳೆಗೇ ಹೋದ, ಅಜ್ಜ. ಕಸುಬು ಗೊತ್ತಿದ್ದರೆ ಉಳಿಸುತ್ತಿದ್ದೆ ಅಂದುಕೊಂಡಿದ್ದೆ."

"ಕಲಿ. ಊರೋರ ಮಕ್ಕಳಿಗೆ ಬೇಕಾಗುತ್ತೆ. ನಿನ್ನೋರು ಬಿದ್ದ ದಿನ ಅದು ಕೈಗೆ ಬರುತ್ತೆ ಅಂತ ಮಾತ್ರ ನಂಬಬೇಡ."

ತಿಪ್ಪೇಶ ಆಶ್ರಮಕ್ಕೆ ಬಂದಾಗ ಗುರುಗಳು ಬಾಗಿಲಲ್ಲೇ ಕಾದಿದ್ದರು. ಒಳಗೆ ಹೋಗಿ ಕೂತರು. ತಿಪ್ಪೇಶ ಬಲಕ್ಕೆ ಕೂರಲಿಲ್ಲ. ಬೆಕ್ಕನ್ನು ಮೆಲ್ಲಗೆ ಸರಿಸಿ ಎಡಕ್ಕೆ ಕೂತ.

ಆ ಕಿವಿಯ ಮೇಲೊಂದು ಹಳೆಯ ಕಲೆ ಇತ್ತು. ಆರು ವರ್ಷ ಜೊತೆಗಿದ್ದವನು ಅದನ್ನು ಅಂದೇ ಕಂಡದ್ದು.

ಅವನು ಹೇಳತೊಡಗಿದ. ಗುರುಗಳು ಪೂರ್ತಿ ತಿರುಗಿ, ಅವನಿಗೆ ಮುಖ ಕೊಟ್ಟು ಕೇಳಬೇಕಾಯಿತು. ಹರಿಗೋಲು ಹೇಳಿದ, ಜಡೆ ಹೇಳಿದ, ಏಟು ಹೇಳಿದ. ಹೊತ್ತಗೆಯ ಮಾತನ್ನೂ ಬಿಡದೆ ಹೇಳಿದ.

"ಮತ್ತೇನು ಹೇಳಿದ?" ಗುರುಗಳ ದನಿ ಇಳಿದಿತ್ತು. "ಆ ಹುಡುಗನಿಗೆ ಬೈದನಾ?"

"ಇಲ್ಲ."

"ಶಾಪ ಹಾಕಿದನಾ?"

"ಹೊರಡುವಾಗ ನಾನೂ ಅದನ್ನೇ ಕೇಳಿದೆ. 'ಬದುಕಿದ್ದರೆ ಎಲ್ಲೋ ಉಂಡುಕೊಂಡು ಇರಲಿ' ಅಂದ."

ಗುರುಗಳು ಕಿವಿ ಮುಚ್ಚಿಕೊಂಡರು. ಕೇಳುವ ಕಿವಿಯನ್ನು.

ತಿಪ್ಪೇಶ ಎದ್ದು ತನ್ನ ಬಟ್ಟೆ ಗಂಟು ಕಟ್ಟಿದ. ಜಪಮಾಲೆಯನ್ನು ಗೂಟಕ್ಕೆ ಹಾಕಿದ.

"ನಾನು ಇನ್ನು ಕಡವಿನಲ್ಲೇ ಇರುತ್ತೇನೆ. ಅಜ್ಜನಿಗೆ ವಯಸ್ಸಾಗಿದೆ, ಇನ್ನೆಷ್ಟು ದಿನವೋ. ಬನ್ನಿ ಗುರುಗಳೇ, ಜೊತೆಗೇ ಹೋಗೋಣ."

ಗುರುಗಳು ಏಳಲಿಲ್ಲ. ಬೆಕ್ಕನ್ನು ತೊಡೆಗೆ ಎಳೆದುಕೊಂಡರು.

"ಅವನು ಒಂದು ಸಲ ಬೈದಿದ್ದರೂ ಸಾಕಿತ್ತು ಮಗಾ, ಎಂದೋ ಹೋಗಿರುತ್ತಿದ್ದೆ."